ದೇಸಾಯಿ ಆಂಟಿ ಹಾಕದ ಮತ

ಸಭೆ ನಡೆಸುವಾಗ ದೇಸಾಯಿ ಆಂಟಿಯ ಮುಖ ನೋಡಿ ಅವರ ಮನಸ್ಸು ತಿಳಿದವರು ಯಾರೂ ಇಲ್ಲ. ಪಿಕ್‌ನಿಕ್ಕಿನಲ್ಲಿ ಚುರುಮುರಿ ಕಲಸುತ್ತ ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು, ಅಧ್ಯಕ್ಷರ ಕುರ್ಚಿಯಲ್ಲಿ ಕೂತರೆಂದರೆ ಹುಬ್ಬು ಕೂಡ ಅಲುಗುತ್ತಿರಲಿಲ್ಲ. ಯಾರಾದರೂ ದನಿ ಏರಿಸಿದರೆ ಬೆರಳ ಗೆಣ್ಣಿನಿಂದ ಮೇಜನ್ನು ತಟ್ಟುತ್ತಿದ್ದರು. ಅಷ್ಟಕ್ಕೇ ಗಲಾಟೆ ನಿಲ್ಲುತ್ತಿತ್ತು.

ಧಾರವಾಡದವರು. ಡಾಕ್ಟರ್ ಗಂಡನ ಜೊತೆ ಅಮೆರಿಕಕ್ಕೆ ಬಂದು, ಅವರು ತೀರಿಕೊಂಡ ಮೇಲೆ ರಾಜಧಾನಿಯ ಪಕ್ಕದ ರಾಕ್‌ವಿಲ್ ಹತ್ತಿರ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಮೈಸೂರಿನಿಂದ ಬಂದ ನಾನು, ಲ್ಯಾಬಿನಲ್ಲಿ ಕೆಲಸ ಸಿಗುವವರೆಗೆ ಅವರ ಕ್ಲಾಸಿಗೆ ಸೇರಿದ್ದೆ. ಅವರು ಪಿಎಚ್‌ಡಿ ಮಾಡಿದ್ದು ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಅಧ್ಯಕ್ಷ ಪೀಠದ ಮೇಲೆ. ದೇಶದ ಉಪಾಧ್ಯಕ್ಷನೇ ಸೆನೆಟ್ಟಿಗೆ ಅಧ್ಯಕ್ಷ. ಆದರೆ ಚರ್ಚೆಯಲ್ಲಿ ಅವನು ಮಾತಾಡುವಂತಿಲ್ಲ, ಎರಡೂ ಕಡೆ ಮತ ಸಮವಾದಾಗ ಮಾತ್ರ ಅವನಿಗೊಂದು ಮತ. ಮೊಟ್ಟಮೊದಲು ಆ ಪೀಠದಲ್ಲಿ ಕೂತವನು ಸದಸ್ಯರಿಗೆ ಉದ್ದುದ್ದ ಉಪನ್ಯಾಸ ಕೊಡಲು ಹೋಗಿ, ಅವರು ಸಿಡಿಮಿಡಿಗೊಂಡ ಮೇಲೆ ಬಾಯಿ ಮುಚ್ಚಿಕೊಂಡ ಕಥೆಯನ್ನು ಆಂಟಿ ಅಭಿನಯಿಸಿಯೇ ತೋರಿಸುತ್ತಿದ್ದರು.

ಒಮ್ಮೆ ಇಡೀ ಕ್ಲಾಸನ್ನು ಮೆಟ್ರೋದಲ್ಲಿ ಕರೆದೊಯ್ದು ಸೆನೆಟ್ಟಿನ ಗ್ಯಾಲರಿಯಲ್ಲಿ ಕೂರಿಸಿದರು. ಉಪಾಧ್ಯಕ್ಷರನ್ನು ನೋಡುವ ಆಸೆಯಿಂದ ಹೋದ ನನಗೆ ಕಂಡದ್ದು ಹೆಚ್ಚುಕಡಿಮೆ ಖಾಲಿ ಸಭಾಂಗಣ, ಪೀಠದಲ್ಲಿ ಆಕಳಿಕೆ ತಡೆದುಕೊಂಡು ಕೂತ ಯಾರೋ ಹೊಸ ಸೆನೆಟರ್. ಉಪಾಧ್ಯಕ್ಷರು ಬರುವುದೇ ಅಪರೂಪವಂತೆ, ಕಿರಿಯರು ಸರದಿಯ ಮೇಲೆ ಆ ಕೆಲಸ ಮಾಡುತ್ತಾರಂತೆ. ಸದಸ್ಯರನ್ನು ಸುಮ್ಮನಾಗಿಸಲು ಮೇಜಿಗೆ ಬಡಿಯುವ, ಅವನ ಮುಂದಿದ್ದ ಹಿಡಿಯಿಲ್ಲದ ದಂತದ ಸುತ್ತಿಗೆಯನ್ನು ಆಂಟಿ ಕಣ್ಣಿನಲ್ಲೇ ತೋರಿಸಿದರು. ಹಳೆಯದು ಬಿರಿದುಹೋದಾಗ ಅದನ್ನು ಕಾಣಿಕೆಯಾಗಿ ಕೊಟ್ಟದ್ದು ನಮ್ಮ ದೇಶ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಹೇಳಿದರು: "ಆ ಕುರ್ಚಿಯೊಳಗ ಕೂತಾವಗ ಕಿವಿ ಅದಾವ, ಬಾಯಿ ಇಲ್ಲ. ಅದಕ್ಕ ನೋಡು, ಎರಡೂ ಕಡಿಯವರು ಅವನ ಮಾತು ಕೇಳತಾರ."

ನಮ್ಮ ಕನ್ನಡ ಸಂಘಕ್ಕೆ ಅಧ್ಯಕ್ಷರಾದಾಗ ಆ ಶಿಸ್ತನ್ನೇ ತಂದರು. ರಾಜ್ಯೋತ್ಸವದ ಊಟದ ವಿಷಯಕ್ಕೆ ಮಾತು ಬಿಟ್ಟವರು ಕೂಡ ಅವರ ಎದುರಿಗೆ ಒಟ್ಟಿಗೆ ಕೂರುತ್ತಿದ್ದರು. ಅವರನ್ನು ಒಪ್ಪದವರಿರಲಿಲ್ಲ.

ಸವಿತಾ ನಮ್ಮ ಮನೆಗೆ ಬಂದದ್ದು ಆ ಕಾಲದಲ್ಲೇ. ಹಾಸನದ ಹುಡುಗಿ, ಮದುವೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಕೈಗೆ ಪ್ಲಾಸ್ಟರ್. ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳಿದ್ದಳು. ಗಂಡ ಮುರಿದದ್ದೆಂದು ನನಗೆ ಹೇಳಿದಳು. ಆ ಗಂಡ ನಮ್ಮ ಸಂಘದ ನಾಟಕಗಳನ್ನೆಲ್ಲ ಆಡಿಸುತ್ತಿದ್ದವನು, ಎಲ್ಲರಿಗೂ ಬೇಕಾದವನು. ಅವಳು ಈ ದೇಶದಲ್ಲಿದ್ದದ್ದೇ ಅವನ ವೀಸಾದ ಮೇಲೆ, ಕೆಲಸ ಮಾಡುವಂತಿರಲಿಲ್ಲ.

ಅವಳಿಗೆ ವಕೀಲರನ್ನು ಹುಡುಕಿಕೊಟ್ಟು ಸಂಘವೇ ಬೆನ್ನಿಗೆ ನಿಲ್ಲಬೇಕು, ಅವನನ್ನು ಸಂಘದಿಂದ ತೆಗೆಯಬೇಕು ಎಂದು ಕಾರ್ಯಕಾರಿ ಸಮಿತಿಯಲ್ಲಿ ನಾನು ಠರಾವು ಮಂಡಿಸಿದೆ. ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಅದರ ಚರ್ಚೆ. ಅವನ ಗೆಳೆಯರು, ಗಂಡ ಹೆಂಡಿರ ವಿಷಯದಲ್ಲಿ ನಾವು ಇನ್ವಾಲ್ವ್ ಆಗುವುದು ಬೇಡ, ಎರಡೂ ಕಡೆ ಕೇಳದೆ ಒಬ್ಬನ ಹೆಸರು ಕೆಡಿಸುವುದು ತಪ್ಪು ಎಂದರು. ಕೈಯೆತ್ತಿಸಿದಾಗ ಎರಡೂ ಕಡೆ ಸಮವಾಯಿತು. ಎಲ್ಲರೂ ಆಂಟಿಯ ಕಡೆ ತಿರುಗಿದೆವು. ಅವರು ಬಯಸಿದರೆ ಮತ ಹಾಕಬಹುದಿತ್ತು, ಹಾಕಲೇಬೇಕೆಂದಿರಲಿಲ್ಲ.

"ಮತ ಸಮಾ ಆಗ್ಯಾವ," ಎಂದರು. "ಪೀಠ ಮತ ಹಾಕೂದಿಲ್ಲ. ಠರಾವು ಬಿತ್ತು."

ಪಾರ್ಕಿಂಗ್ ಲಾಟಿನಲ್ಲಿ ನನ್ನ ಭುಜದ ಮೇಲೆ ಕೈಯಿಟ್ಟು, ತಾವು ಯಾವುದೇ ಕಡೆ ವಾಲಿದ್ದರೂ ಸಂಘ ಅಂದೇ ಒಡೆಯುತ್ತಿತ್ತು, ಒಡೆದರೆ ನಾಳೆ ಯಾರಿಗೂ ಆಸರೆ ಇರುವುದಿಲ್ಲ ಎಂದು ವಿವರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಆಗಲೂ ನಾನು ಅವರನ್ನು ನಂಬಿದೆ.

ಸವಿತಾ ಮಾತ್ರ ಸುದ್ದಿ ಕೇಳಿ, "ಅರ್ಧ ಜನ ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡಿದಾರೆ ಅಲ್ವಾ ಅಕ್ಕ," ಎಂದಳು. ಇರು ಎಂದು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹಿರಿಯರು ಕೆಲವರು ಬಂದು ರಾಜಿ ಮಾಡಿಸಿದರು, ಅವನು ಕೈಮುಗಿದು ಕ್ಷಮೆ ಕೇಳಿದ, ಅವಳು ಹೊರಟಳು. ಅವನಿಗೆ ಅಟ್ಲಾಂಟಾ ಕಡೆ ಕೆಲಸವಾಗಿ ಇಬ್ಬರೂ ಆ ಊರಿನ ಹೊರವಲಯದ ಅಲ್ಫರೆಟಾಕ್ಕೆ ಹೋದರು. ನಡೆದುಹೋಗಲು ಒಂದು ಅಂಗಡಿಯೂ ಇಲ್ಲ, ಮಾತಾಡಲು ಯಾರೂ ಇಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಆಮೇಲೆ ಫೋನೂ ನಿಂತಿತು. ಮರುವರ್ಷ ಬಂದದ್ದು ಅವಳ ಸಾವಿನ ಸುದ್ದಿ. ಪೊಲೀಸರು ಗಂಡನನ್ನು ಬಂಧಿಸಿದ್ದರು.

ಆಂಟಿ ಅಂದೇ ರಾಜೀನಾಮೆ ಕೊಟ್ಟರು. ವಿಚಾರಣೆಯಲ್ಲಿ, ಅವಳಿಗೆ ಮೊದಲೇ ಹಿಂಸೆಯಾಗಿತ್ತೆಂದು ಸಾಕ್ಷಿ ಹೇಳಲು ನಾನು ಹೊರಟಾಗ ತಾವೂ ಬಂದರು. ಸವಿತಾಳ ತಂದೆ ತಾಯಿ ಊರಿನಿಂದ ಬಂದಿದ್ದರು. ಅವರ ಪಕ್ಕ ಕೂರಲು ಆಂಟಿಗೆ ಧೈರ್ಯವಾಗಲಿಲ್ಲ. ಆಂಟಿಯ ಸರದಿ ಬಂದಾಗ ಆರೋಪಿಯ ವಕೀಲ, ಈ ದೂರು ನಿಜವಾಗಿದ್ದರೆ ನಿಮ್ಮ ಸಂಘ ಯಾಕೆ ಏನೂ ಮಾಡಲಿಲ್ಲ ಎಂದು ಕೇಳಿದ. ಆಂಟಿ ನೆಟ್ಟಗೆ ಕೂತು, ಮತ ಸಮವಾಗಿತ್ತು, ಅಧ್ಯಕ್ಷಳು ನಾನು, ಅವಳು ಹೇಳಿದ್ದನ್ನು ನಾನು ನಂಬಿದ್ದೆ, ಆದರೂ ಮತ ಹಾಕಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಸವಿತಾಳ ತಾಯಿಗೆ ಇಂಗ್ಲಿಷ್ ಬಾರದು. ಸವಿತಾಳ ತಂದೆ ಅವರ ಕಿವಿಯಲ್ಲಿ ಅದನ್ನು ಕನ್ನಡದಲ್ಲಿ ಹೇಳುವುದನ್ನು ಆಂಟಿ ಅಲ್ಲಿಂದಲೇ ನೋಡಿದರು. ಸವಿತಾಳ ಗಂಡನಿಗೆ ಶಿಕ್ಷೆಯಾಯಿತು.

ಆಮೇಲೆ ಆಂಟಿ ಪಾಠ ಬಿಟ್ಟು ಡರ್ಹಮ್‌ನಲ್ಲಿದ್ದ ತಂಗಿಯ ಮನೆ ಸೇರಿದರು. ನಮ್ಮಲ್ಲಿ ಯಾರು ಹೋದರೂ ಒಂದೇ ಮಾತು ಹೇಳಿ ಬರುತ್ತಿದ್ದೆವು: ನಿಮ್ಮದೇನೂ ತಪ್ಪಿಲ್ಲ, ನೀವು ನಿಯಮದಂತೆ ನಡೆದಿರಿ. ಅವರು ತಲೆಯಾಡಿಸಿ, ಚಹಾ ಕುಡಿಯಿರಿ ಅನ್ನುತ್ತಿದ್ದರು.

ನಾನು ಕೊನೆಯ ಬಾರಿ ನೋಡಿದಾಗ ಕ್ಯಾನ್ಸರ್ ಅವರನ್ನು ಹಾಸಿಗೆಗೆ ಅಂಟಿಸಿತ್ತು. ತಂಗಿ ಅಡಿಗೆ ಮನೆಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು.

"ವೀಣಾ, ಎಲ್ಲಾರೂ ನನಗ ಸಮಾಧಾನ ಹೇಳಿಕೋತನ ಬಂದೀರಿ. ಆಕಿ ನಿನ್ನ ಮನಿಯೊಳಗ ಇದ್ಲು. ನೀ ಒಬ್ಬಾಕಿ ಖರೇ ಹೇಳು."

ಇನ್ನೊಂದು ಕೈಯನ್ನೂ ಅವರ ಕೈ ಮೇಲಿಟ್ಟೆ.

"ನೀವು ವೋಟ್ ಹಾಕ್ಬೇಕಿತ್ತು ಆಂಟಿ," ಎಂದೆ.

ಅವರ ಮುಖ ಸಡಿಲವಾಯಿತು. "ಹೌದವಾ," ಎಂದರು, "ಹಾಕಬೇಕಾಗಿತ್ತು." ಕಣ್ಣು ಮುಚ್ಚಿಕೊಂಡರು, ನನ್ನ ಕೈ ಬಿಡಲಿಲ್ಲ. ಹಾಗೆಯೇ ನಿದ್ದೆ ಹೋದರು.