ಮಿಕ್ಸರ್‌ಗೆ ಸುರಿದ ಎರಡು ಕೊಡ ನೀರು

ಕಲ್ಲೋಳಿಯಲ್ಲಿ ಅಕ್ಕನ ಮನೆಗೆ ಸ್ಲ್ಯಾಬ್ ಹಾಕಿದ ಗೌಂಡಿ, ಕಲಸಿದ ಕಾಂಕ್ರೀಟನ್ನು ಮುಷ್ಟಿಯಲ್ಲಿ ಹಿಚುಕಿ ನೋಡುತ್ತಿದ್ದರು. "ಉಂಡಿ ನಿಂತ್ರ ಮನಿ ನಿಂತಂಗ" ಎನ್ನುತ್ತಿದ್ದರು.

ಅಂದು ಮೋಡ ಕವಿದಿತ್ತು. ಮಿಕ್ಸರ್ ಗುಡುಗುತ್ತಿತ್ತು, ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತಿದ್ದವು. ನೀರು ಹೆಚ್ಚಾದರೆ ಸ್ಲ್ಯಾಬ್ ಸೋರುತ್ತದೆಂದು ಗೊತ್ತಿದ್ದೂ, ತೆಳುವಾದ ಕಾಂಕ್ರೀಟು ಬೇಗ ಹರಡಿ ಕೆಲಸ ಮಳೆಗೆ ಮೊದಲೇ ಮುಗಿಯಲೆಂದು ನಾನು ಎರಡು ಕೊಡ ಹೆಚ್ಚು ಸುರಿದೆ. ಗೌಂಡಿಯ ಮುಷ್ಟಿಯಲ್ಲಿ ಉಂಡೆ ನಿಲ್ಲಲಿಲ್ಲ.

"ಯಾರ್ರಿ ನೀರ ಹಾಕಿದವ್ರು?"

ನಾನು ಖಾಲಿ ಕೊಡವನ್ನು ಮರಳಿನ ಗುಡ್ಡೆಯ ಹಿಂದೆ ಸರಿಸಿದೆ. ಅಕ್ಕ ಸಿಡುಕಿದಳು: "ಗೌಂಡಿ ನೀವೋ, ನಾವೋ?"

ಅವರು ನನ್ನ ತೊಯ್ದ ಪ್ಯಾಂಟು ನೋಡಿದರು. "ನಂದ ತಪ್ಪ ಬಿಡ್ರಿ, ಅಕ್ಕಾರ" ಎಂದು ಆ ಮಾಲನ್ನೆಲ್ಲ ಚೆಲ್ಲಿಸಿ ಹೊಸದಾಗಿ ಕಲಸಿದರು. ಮೊದಲ ಹನಿ ಬೀಳುವಷ್ಟರಲ್ಲಿ ತಾಡಪತ್ರಿ ಹೊದಿಸಿ ಎಲ್ಲರೂ ಕೇಕೆ ಹಾಕಿದೆವು.

ಆ ಸ್ಲ್ಯಾಬ್ ಇಂದಿಗೂ ಸೋರಿಲ್ಲ. ಆದರೂ ಮಹಡಿ ಕಟ್ಟಿಸುವಾಗ ಅಕ್ಕ, "ಆ ನೀರ ಸುರಿಯೋ ಗೌಂಡಿ ಬ್ಯಾಡ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.