ಶಿವಬಸವ್ವನ ಕಾಠ್ಮಂಡು ಬಸ್ತಾ

ಮದುವೆಯ ಬಟ್ಟೆ ಕೊಳ್ಳುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತೇವೆ. ಗಂಡಿನವರು, ಹೆಣ್ಣಿನವರು ಕೂಡಿ ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ಸಂಜೆಯ ತನಕ ಕುಳಿತು, ಇದ್ದಬದ್ದ ಸೀರೆಯನ್ನೆಲ್ಲ ಬಿಚ್ಚಿಸಿ, ಒಬ್ಬರ ಮೇಲೊಬ್ಬರು ಮುಖ ಊದಿಸಿಕೊಂಡು, ಮತ್ತೆ ರಾಜಿಯಾಗಿ, ಗಂಟು ಕಟ್ಟಿಸಿಕೊಂಡು ಏಳುವ ಕಾರ್ಯಕ್ರಮ. ನನ್ನಂಥ ಗಂಡಸರು ಇದಕ್ಕೆ ಹೋಗುವುದು ಅಂಗಡಿಯವರು ತರಿಸುವ ಚಹಾ, ಮಿರ್ಚಿ ಭಜಿಗಾಗಿ. ನಮ್ಮ ಪಕ್ಕದ ಮನೆಯ ಶಿವಬಸವ್ವ ಹೋಗುತ್ತಿದ್ದುದು ಮಾತ್ರ ಯುದ್ಧಕ್ಕೆ.

ನಮ್ಮ ಶಿಗ್ಗಾಂವದಲ್ಲಷ್ಟೇ ಅಲ್ಲ, ಹಾನಗಲ್ಲ, ಸವಣೂರು, ಅತ್ತ ಹಿರೇಕೆರೂರಿನ ಚಿಕ್ಕೇರೂರಿನ ತನಕ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಸ್ವಾಮಿಗಳಿಗೆ ಹೇಳಿ ಕಳಿಸುತ್ತಿದ್ದರು, ಆಮೇಲೆ ಶಿವಬಸವ್ವನಿಗೆ. ಒಬ್ಬ ಸ್ವಾಮಿಗಳಿಗೆ ಪುರಸೊತ್ತಿಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಿದ್ದರು. ಶಿವಬಸವ್ವನಿಗೆ ಪುರಸೊತ್ತಿಲ್ಲದಿದ್ದರೆ ಬಸ್ತಾದ ದಿನವನ್ನೇ ಮುಂದೆ ಹಾಕುತ್ತಿದ್ದರು.

ಅವಳ ಅಸ್ತ್ರ ಒಂದೇ, ಎದ್ದು ಹೋಗುವುದು. ರೇಟು ಕೇಳಿದ ಮೇಲೆ ಏನೂ ಮಾತಾಡುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ಚಪ್ಪಲಿ ಮೆಟ್ಟಿ ರಸ್ತೆಗೆ ಇಳಿಯುತ್ತಿದ್ದಳು. ಅವಳ ಹಿಂದೆ ಎರಡು ಮನೆತನದ ಮಂದಿ ಕುರಿ ಹಿಂಡಿನ ಹಾಗೆ ಇಳಿಯುತ್ತಿತ್ತು. ಆಗ ಒಳಗಿನಿಂದ ಅಂಗಡಿಯ ಶಂಕ್ರಪ್ಪ ಕೂಗುತ್ತಿದ್ದ, "ಅಕ್ಕಾರ, ಬರ್ರಿ, ಕುಂಡರ್ರಿ, ನೀವು ಒಂದು ಮಾತು ಹೇಳ್ರಲಾ!" ಮೊದಲನೆಯ ಕೂಗಿಗೆ ಅವಳು ತಿರುಗಬಾರದು. ಎರಡನೆಯದಕ್ಕೆ ನಡಿಗೆ ಸ್ವಲ್ಪ ನಿಧಾನ ಮಾಡಬಹುದು. ಮೂರನೆಯದಕ್ಕೆ ತಿರುಗಿ, "ಲಗೂ ಹೇಳ್ರಿ, ಬಸ್ ಹೊಕ್ಕೈತಿ" ಎನ್ನಬೇಕು. ಮೂರನೆಯ ಕೂಗಿನ ಹೊತ್ತಿಗೆ ರೇಟು ನೆಲ ಕಚ್ಚಿರುತ್ತಿತ್ತು. ಅಂಗಡಿಯವರು ಹೇಳಿದಷ್ಟು ದುಡ್ಡನ್ನು ಅವಳು ಹುಟ್ಟಿದಾಗಿನಿಂದ ಯಾರಿಗೂ ಕೊಟ್ಟವಳಲ್ಲ. ಶಂಕ್ರಪ್ಪನಿಗೆ ಅವಳನ್ನು ಕಂಡರೆ ಎದೆ ಒಡೆಯುತ್ತಿತ್ತು, ಆದರೆ ಅವಳು ಬಾರದ ದಿನ ವ್ಯಾಪಾರ ಸಪ್ಪೆ ಎಂದು ಅವನೇ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಅವಳ ಗಂಡ ಗುದ್ಲೆಪ್ಪ, ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಒಳ್ಳೆಯ ಮನುಷ್ಯ, ಹೆಂಡತಿಯ ಕೀರ್ತಿಯ ನೆರಳಲ್ಲಿ ತಣ್ಣಗೆ ಬದುಕಿದ್ದವನು. ಅವನ ಜೊತೆಗೇ ಶಿವಬಸವ್ವನ ಬಸ್ತಾವೂ ಮುಗಿಯಿತು. ಗಂಡ ಸತ್ತವಳು ಮದುಮಗಳ ಸೀರೆ ಮುಟ್ಟಬಾರದಂತೆ. ಇಂಥದ್ದೆಲ್ಲ ಬೇಡವೆಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ, ನಾವು ಅವರ ಜಯಂತಿಗೆ ಮೆರವಣಿಗೆ ತೆಗೆದು ಮನೆಗೆ ಬಂದು ಇದನ್ನೇ ಮಾಡುತ್ತೇವೆ. ನನಗೆ ಸಿಟ್ಟು ಬರುತ್ತದೆ. ಆದರೆ ನಾನೂ ಯಾರಿಗೂ ಎದುರು ಹೇಳಲಿಲ್ಲ, ಮಿರ್ಚಿ ತಿಂದೆ. ಒಬ್ಬರೂ ಅವಳನ್ನು ಬಯ್ಯಲಿಲ್ಲ, ಹೀಯಾಳಿಸಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ.

ಅವಳು ಶಂಕ್ರಪ್ಪನ ಅಂಗಡಿಯ ಎದುರು ಸಾಲಿನಲ್ಲಿ ಹುಲಗೂರಿನ ರೋಶನಬಿ ಇಟ್ಟಿದ್ದ ಬಳೆ ಅಂಗಡಿಯಲ್ಲಿ ಬಂದು ಕೂರತೊಡಗಿದಳು. ಇಬ್ಬರದೂ ಹಳೆಯ ಗೆಳೆತನ. ಅಲ್ಲಿಂದ ಶಂಕ್ರಪ್ಪನ ಗಾದಿ ಚೆನ್ನಾಗಿ ಕಾಣುತ್ತಿತ್ತು. ಯಾರೋ ಎದ್ದು ಹೋಗಲು ಬಾರದೆ ಕುಳಿತಲ್ಲೇ ಚೌಕಾಸಿ ಮಾಡುವುದನ್ನು ಕಂಡು, "ಏಳ್ರಿ, ಎದ್ದ ಬರ್ರಿ, ಮಬ್ಬ ಮಂದಿ" ಎಂದು ಇಲ್ಲಿಂದಲೇ ಹಲ್ಲು ಕಡಿಯುತ್ತಿದ್ದಳು.

ಅಷ್ಟರಲ್ಲಿ ಅವಳ ತಮ್ಮ ಪರಮೇಶಪ್ಪನ ಮಗಳು ಪೂಜಾಳ ಮದುವೆ ಗೊತ್ತಾಯಿತು. ಮಕ್ಕಳಿಲ್ಲದ ಶಿವಬಸವ್ವನಿಗೆ ಪೂಜಾ ಅಂದರೆ ಜೀವ. "ನಿನ್ನ ಅಕ್ಕಿಕಾಳಿನ ಸೀರಿ ನಾನ ಆರಿಸ್ತೇನಿ" ಎಂದು ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಹೇಳಿದ್ದಳು. ಅಕ್ಕಿಕಾಳೆಂದರೆ ತಾಳಿ ಕಟ್ಟಿ ಅಕ್ಷತೆ ಹಾಕುವ ಹೊತ್ತು. ಪೂಜಾಳ ತಾಯಿ ಸರೋಜವ್ವ ಕೆಟ್ಟವಳಲ್ಲ, ಹೆದರುಪುಕ್ಕಲಿ. ಒಬ್ಬಳೇ ಮಗಳು, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಪುಕುಪುಕು. ಅವಳು ಗಂಡನ ಅಕ್ಕನ ಕೈ ಹಿಡಿದುಕೊಂಡು, "ಅಕ್ಕಾರ, ಬಸ್ತಾದ ದಿನ ನೀವು ಮನಿ ಕಡೆ ನೋಡ್ಕೋರಿ. ತಪ್ಪ ತಿಳಕೋಬ್ಯಾಡ್ರಿ" ಎಂದಳು. ಶಿವಬಸವ್ವ, "ತಪ್ಪೇನೈತಿ ಇದರಾಗ" ಎಂದಳು. ಆ ರಾತ್ರಿ ಅವಳ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಪೂಜಾ ಶಿಗ್ಗಾಂವದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಹುಬ್ಬು ತಿದ್ದುತ್ತ ತಿದ್ದುತ್ತ ಊರಿನ ಎಲ್ಲ ಹೆಂಗಸರ ಮನಸ್ಸಿನ ದಾರಿ ತಿಳಿದುಕೊಂಡಿದ್ದಾಳೆ. ಜಗಳ ಮಾಡಲಿಲ್ಲ. ಮೊಬೈಲಿನಲ್ಲಿ ಕಾಠ್ಮಂಡುವಿನ ಪೇಟೆಯ ವಿಡಿಯೋ ನೋಡಿದ್ದಳು, ಶನಿವಾರ, ಭಾನುವಾರ ಹೋಗಿ ಬರುವ ಟಿಕೆಟ್ಟನ್ನು ಯಾರಿಗೂ ಹೇಳದೆ ತೆಗೆಸಿದಳು. ಮನೆಯಲ್ಲಿ, "ಅತ್ತೀಗೆ ಪಶುಪತಿನಾಥನ ದರ್ಶನ ಮಾಡಿಸಿಕೊಂಡು ಬರ್ತೇನಿ" ಎಂದಳು. ವಿಧವೆ ಯಾತ್ರೆಗೆ ಹೊರಟಳೆಂದರೆ ನಮ್ಮವರಿಗೆ ಎಲ್ಲಿಲ್ಲದ ಸಮಾಧಾನ. ಸರೋಜವ್ವ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಪರಮೇಶಪ್ಪ ಹುಬ್ಬಳ್ಳಿಯ ವಿಮಾನ ನಿಲ್ದಾಣದ ತನಕ ಬಂದು ಅಕ್ಕನ ಕಾಲಿಗೆ ಬಿದ್ದ. ನೇಪಾಳದಲ್ಲಿ ನಮ್ಮ ದೊಡ್ಡ ನೋಟು ನಡೆಯುವುದಿಲ್ಲವೆಂದು ಯಾರೋ ಹೆದರಿಸಿದ್ದರಿಂದ ಶಿವಬಸವ್ವ ಬರೀ ನೂರರ ನೋಟನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ತಪಾಸಣೆಯ ಹುಡುಗಿ ಎಷ್ಟು ತಡವಿದರೂ ಸೊಂಟ ಎಲ್ಲಿ ಮುಗಿದು ನೋಟು ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲವಂತೆ.

ದಿಲ್ಲಿಯಲ್ಲಿ ಇನ್ನೊಂದು ವಿಮಾನ ಹತ್ತಿ ಕಾಠ್ಮಂಡುವಿನಲ್ಲಿ ಇಳಿದರು. ಪಶುಪತಿನಾಥನ ಗುಡಿಯ ಮುಂದೆ ಸಾಲು ಉದ್ದವಿತ್ತು. ಶಿವಬಸವ್ವ ಕೊರಳಿನ ಲಿಂಗವನ್ನು ಮುಟ್ಟಿಕೊಂಡು, "ನನ್ನ ಕೊರಳಾಗ ಒಬ್ಬಾಂವ ಅದಾನ. ಅಂವನ್ನ ನೋಡಾಕ ಇಷ್ಟು ದೂರ ಬಂದು ಸಾಲಾಗ ಯಾಕ ನಿಂದ್ರೂಣು? ಪ್ಯಾಟಿ ಎಲ್ಲೈತಿ?" ಎಂದಳು. ಶಿಖರಕ್ಕೆ ದೂರದಿಂದಲೇ ಕೈಮುಗಿದು, "ಸಿಟ್ಟಾಗಬ್ಯಾಡಪಾ, ಕೆಲಸ ಐತಿ" ಎಂದು ಹೇಳಿ ಆಟೋ ಹುಡುಕಿದಳು. ಅಲ್ಲಿ ಟ್ಯಾಕ್ಸಿಯೇ ಸಿಕ್ಕಿತು. ಎದ್ದು ಹೋಗುವ ಅಸ್ತ್ರವನ್ನು ಟ್ಯಾಕ್ಸಿಯವನ ಮೇಲೆ ಪ್ರಯೋಗಿಸಿದಾಗ ಅದು ಭರ್ಜರಿಯಾಗಿ ಕೆಲಸ ಮಾಡಿತು. ಅವಳ ಹಿಗ್ಗು ಹೇಳತೀರದು.

ಹಳೆಯ ಪೇಟೆಯ ಸಂದಿಯಲ್ಲಿ ಮೆಣಸು, ಹಿತ್ತಾಳೆ ಕೊಡ, ಮಣಿಸರ, ಶಾಲು ಎಲ್ಲ ಒಟ್ಟಿಗೆ ಸುರಿದುಕೊಂಡಿತ್ತು. ಶಿವಬಸವ್ವ ಎರಡು ವರ್ಷದ ಉಪವಾಸ ಮುರಿದವಳಂತೆ ನುಗ್ಗಿದಳು. ರೋಶನಬಿ ಕಲಿಸಿದ ಉರ್ದುವಿನ 'ಎಷ್ಟು', 'ಬೇಡ' ಎರಡೂ ಅವಳ ಬಾಯಲ್ಲಿದ್ದವು. "ಕಿತ್ತಾ? ನಕ್ಕೋ, ನಕ್ಕೋ!" ನೇಪಾಳದವರು ಅರ್ಥವಾಗದೆ ನಕ್ಕರು, ಆದರೆ ರೇಟು ಇಳಿಸಿದರು. ಮೊದಲು ಹೊಕ್ಕ ದೊಡ್ಡ ಅಂಗಡಿಯಲ್ಲಿ ತೋರಿಸಿದ ಸೀರೆಗಳ ಅಂಚು ಮಡಚಿ ನೋಡಿ ಅವಳಿಗೆ ನಗು ಬಂತು. "ಪೂಜಾ, ಇದು ಸೂರತ್ ಮಾಲು. ಶಂಕ್ರಪ್ಪನ ಅಂಗಡ್ಯಾಗ ಎಡಕಿನ ಕಪಾಟಿನಾಗ ಐತಿ. ಇದಕ್ಕ ಇಮಾನ ಹತ್ತಬೇಕಿತ್ತೇನ?"

ಬೇಕಾದದ್ದು ಸಿಕ್ಕಿದ್ದು ಒಂದು ಮೂಲೆಯ ಸಣ್ಣ ಅಂಗಡಿಯಲ್ಲಿ. ಅಂಗಡಿಯಾಕೆ ಉಣ್ಣೆ ಹೆಣೆಯುತ್ತ ಕುಳಿತಿದ್ದ ದಪ್ಪನೆಯ ಹೆಂಗಸು. ಕೈಮಗ್ಗದ ಕೆಂಪು ಸೀರೆ, ಸೆರಗಿನ ತುಂಬ ಬಣ್ಣಬಣ್ಣದ ಸಣ್ಣ ಚೌಕದ ನೇಯ್ಗೆ. ಶಿವಬಸವ್ವ ಅದನ್ನು ಪೂಜಾಳ ಹೆಗಲ ಮೇಲೆ ಹಾಕಿ ನೋಡಿದಳು, ಒಂದು ಗಳಿಗೆ ಚೌಕಾಸಿ ಮರೆತೇಹೋಯಿತು. ಆಮೇಲೆ ರೇಟು ಕೇಳಿದಳು. ಅಂಗಡಿಯಾಕೆ ಹೇಳಿದಳು. ಶಿವಬಸವ್ವ ಸೆರಗು ಸರಿಮಾಡಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಅಂಗಡಿಯಾಕೆ ಹೆಣಿಕೆ ಬದಿಗಿಟ್ಟು, ಬಾಗಿಲ ತನಕ ಬಂದು, ಕೈಮುಗಿದು, "ನಮಸ್ತೆ ದೀದಿ" ಎಂದು ಬೀಳ್ಕೊಟ್ಟಳು. ಮತ್ತೆ ಒಳಗೆ ಹೋಗಿ ಹೆಣಿಕೆ ಹಿಡಿದಳು.

ಶಿವಬಸವ್ವ ಬೆನ್ನನ್ನೇ ಕಿವಿ ಮಾಡಿಕೊಂಡು ನಡೆದಳು. ಕೂಗು ಬರಲಿಲ್ಲ. ಹಿತ್ತಾಳೆ ಅಂಗಡಿಯ ಮುಂದೆ ನಿಂತು ಕೊಡ ತಟ್ಟಿ ನೋಡಿದಳು. ಕೂಗು ಬರಲಿಲ್ಲ. ಏನೋ ಮರೆತವಳಂತೆ ಅದೇ ಅಂಗಡಿಯ ಮುಂದೆ ಒಮ್ಮೆ ಹಾಯ್ದಳು. ಅಂಗಡಿಯಾಕೆ ನಕ್ಕು ಕೈಬೀಸಿದಳು. ಶಿಗ್ಗಾಂವದಲ್ಲಿ ಇಂಥ ಅಪಮಾನ ಆಗಿದ್ದಿಲ್ಲ.

"ಅತ್ತಿ, ಬಿಡು, ಬ್ಯಾರೆ ಕಡೆ ನೋಡೂಣು" ಎಂದಳು ಪೂಜಾ.

ಚೌಕದಲ್ಲಿ ಪಾರಿವಾಳ ತುಂಬಿದ ಒಂದು ಸಣ್ಣ ಗುಡಿಯಿತ್ತು. ಶಿವಬಸವ್ವ ಅದರ ಮೆಟ್ಟಿಲ ಮೇಲೆ ಕುಳಿತಳು.

"ಅಕಿ ಕರ್ಯಂಗಿಲ್ಲ" ಎಂದಳು ಕಡೆಗೆ.

"ಇಲ್ಲ ಅತ್ತಿ."

"ಊರಾಗಿನವರೂ ಕರ್ಯಂಗಿಲ್ಲ." ಅವಳು ಅತ್ತೇಬಿಟ್ಟಳು. ಗುದ್ಲೆಪ್ಪ ಸತ್ತಾಗಲೂ ಅವಳು ಹೀಗೆ ಅತ್ತದ್ದನ್ನು ನೋಡಿರಲಿಲ್ಲವೆಂದು ಪೂಜಾ ಆಮೇಲೆ ನನಗೆ ಹೇಳಿದಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಕರೀಲಿ ಅಂತ ಕಾಯ್ಕೋತ ಕುಂತ್ರ ನಿನ್ನ ಮದುವಿ ಮುಗದ ಹೊಕ್ಕೈತಿ. ನಡಿ."

ಅವಳು ತಾನಾಗಿಯೇ ಆ ಅಂಗಡಿಗೆ ತಿರುಗಿ ಹೋದಳು. ಸೊಂಟದ ಗಂಟು ಬಿಚ್ಚಿ ಅಂಗಡಿಯಾಕೆ ಹೇಳಿದಷ್ಟನ್ನೂ ಕೊಟ್ಟಳು. ಮದುಮಗಳಿಗೆಂದು ತಿಳಿದಾಗ ಆ ಹೆಂಗಸು ಕೆಂಪು ಮಣಿಸರವೊಂದನ್ನು ಪುಕ್ಕಟೆ ಇಟ್ಟಳು. ಶಿವಬಸವ್ವನಿಗೆ ಅದು ಇನ್ನಷ್ಟು ಕಸಿವಿಸಿ. ಜಗಳವಿಲ್ಲದೆ ಅಂಗಡಿಯವರಿಂದ ಏನನ್ನೂ ಇಸಿದುಕೊಂಡು ಅವಳಿಗೆ ಗೊತ್ತಿರಲಿಲ್ಲ. ವಿಮಾನದಲ್ಲಿ ಪೂಜಾಳಿಂದ ಆಣೆ ಮಾಡಿಸಿಕೊಂಡಳು. "ಸೀರಿ ಅತ್ತಿ ಆರಿಸಿದ್ಲು ಅಂತ ಹೇಳಿದ್ರೂ ಹೇಳು. ಹೇಳಿದಷ್ಟ ಕೊಟ್ಲು ಅಂತ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ."

ಮುಂದಿನ ವಾರ ಶಂಕ್ರಪ್ಪನ ಅಂಗಡಿಯಲ್ಲಿ ಬಸ್ತಾ. ಎರಡೂ ಕಡೆಯವರು ಸೇರಿದ್ದರು, ನಾನೂ ಇದ್ದೆ, ಮಿರ್ಚಿ ಬಿಸಿಯಿತ್ತು. ಎದುರಿನ ಬಳೆ ಅಂಗಡಿಯಲ್ಲಿ, ಮನೆ ನೋಡಿಕೊಳ್ಳಬೇಕಿದ್ದ ಶಿವಬಸವ್ವ ರೋಶನಬಿಯ ಜೊತೆ ಬಳೆ ಜೋಡಿಸುವ ನಾಟಕ ಮಾಡುತ್ತಿದ್ದಳು. ಸೀರೆ ಬಿಚ್ಚುವ ಮೊದಲೇ ಪೂಜಾ ಚೀಲದಿಂದ ಆ ಕೆಂಪು ಸೀರೆ ತೆಗೆದು ಗಾದಿಯ ಮೇಲೆ ಹರಡಿದಳು.

"ಅಕ್ಕಿಕಾಳಿಗೆ ನಾ ಇದನ್ನ ಉಡ್ತೇನಿ."

ಗಂಡಿನ ಕಡೆಯ ಹೆಂಗಸರು ಮುಗಿಬಿದ್ದರು. ಸೆರಗು ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ಮೆಚ್ಚಿಗೆ. ಸರೋಜವ್ವನೊಬ್ಬಳೇ ಅನುಮಾನದಿಂದ, "ಯಾರ ಆರಿಸಿದ್ದು?" ಎಂದಳು.

"ಅತ್ತಿ."

ನನ್ನ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಸರೋಜವ್ವನ ಮುಖ ಬಿಳಿಚಿಕೊಂಡಿತು. "ದೇವರ ಹೆಸರ ಹೇಳಿ ಹೋಗಿ ಇದನ್ನ ಮಾಡಿಕೊಂಡ ಬಂದಿರೇನ? ಒಳಗಿಡು ಅದನ್ನ. ಒಳಗಿಡು ಅಂತೇನಿ!" ಪರಮೇಶಪ್ಪ ಸೀಲಿಂಗ್ ಫ್ಯಾನ್ ನೋಡತೊಡಗಿದ. ಗಂಡಿನವರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು.

ಶಂಕ್ರಪ್ಪನಿಗೆ ಇದ್ಯಾವುದೂ ತಲೆಗೆ ಹೋಗಿರಲಿಲ್ಲ. ಅವನು ಸೀರೆಯ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. "ಪೂಜಾ, ಎಷ್ಟ ಹೇಳಿದ್ರವಾ? ಅಕ್ಕಾರು ಎಷ್ಟಕ್ಕ ಇಳಿಸಿದ್ರು?"

ಪೂಜಾ ಆಣೆಯನ್ನು ಅಲ್ಲೇ ಮುರಿದಳು. "ಇಳಿಸಲಿಲ್ರಿ. ಹೇಳಿದಷ್ಟ ಕೊಟ್ಲು."

"ಚಾಷ್ಟಿ ಮಾಡಬ್ಯಾಡ" ಎಂದ ಶಂಕ್ರಪ್ಪ, ತಮಾಷೆಯೆಂದು ತಿಳಿದು.

"ಖರೇರಿ. ಎದ್ದು ಹೋದ್ಲು, ಅಂಗಡ್ಯಾಕಿ ಕರೀಲಿಲ್ಲ. ಗುಡಿ ಪಾವಟಗಿ ಮ್ಯಾಲ ಕುಂತು ಅತ್ತಳು. ಆಮ್ಯಾಲ ತಾನ ತಿರುಗಿ ಹೋಗಿ ತಂದ್ಲು."

ಶಂಕ್ರಪ್ಪ ಕೈಯಲ್ಲಿದ್ದ ಸೆರಗು ಬಿಟ್ಟ. ಇಷ್ಟು ವರ್ಷ ಅವಳ ಬೆನ್ನು ನೋಡಿ ಕೂಗಿದ ಮನುಷ್ಯ ಅವನು. "ಶಿವಬಸವ್ವಾರು? ಯಾರೂ ಕರೀದನ ಬಂದ್ರ?"

ಸರೋಜವ್ವ ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮಡಚಲು ಹೋಗಿ, ಮಡಚದೆ ಕುಳಿತಳು. ಕಣ್ಣು ತುಂಬಿ ಬಂದಿದ್ದನ್ನು ನಾನು ನೋಡಿದೆ. ಆಮೇಲೆ ಸೀರೆಯನ್ನು ಹಿಡಿದುಕೊಂಡೇ ಎದ್ದು, ಅಷ್ಟೂ ಮಂದಿಯನ್ನು ದಾಟಿ, ಅಂಗಡಿಯ ಬಾಗಿಲಿಗೆ ಹೋಗಿ ನಿಂತು ರಸ್ತೆಯಾಚೆಗೆ ಕೂಗಿದಳು.

"ಅಕ್ಕಾರ! ಬರ್ರಿ!"

ಬಳೆ ಅಂಗಡಿಯಲ್ಲಿ ಶಿವಬಸವ್ವ ತಲೆ ಎತ್ತಲಿಲ್ಲ. ರೋಶನಬಿ ಅವಳ ಮೊಣಕೈ ತಿವಿದಳು. "ಏ ಶಿವಬಸವ್ವಾ, ಕರ್ಯಾಕತ್ತಾರ."

"ಕೇಳಸೈತಿ. ಸುಮ್ನಿರು, ಇನ್ನೆರಡು ಸಲ ಕರೀಲಿ."

"ಅಕ್ಕಾರ, ಬರ್ರಿ, ನೀವಿಲ್ಲದ ಇವರ ನಮ್ಮನ್ನ ಬೋಳಸ್ತಾರ!" ಎಂದು ಸರೋಜವ್ವ ಎರಡನೆಯ ಸಲ ಕೂಗಿದಳು.

ಮೂರನೆಯ ಕೂಗಿನ ತನಕ ಕಾಯಬೇಕೆಂಬುದು ಶಿವಬಸವ್ವನ ಕಾಯಿದೆ. ಆದರೆ ಚಪ್ಪಲಿ ಆಗಲೇ ಕಾಲಲ್ಲಿತ್ತು. ಅವಳು ರಸ್ತೆ ದಾಟಿ ಬಂದು, ಗಾದಿಯ ಮೇಲೆ ಸರೋಜವ್ವನ ಪಕ್ಕ ಕುಳಿತು, ಮೂಗು ಒರೆಸಿಕೊಂಡು, "ಹೂಂ ಶಂಕ್ರಪ್ಪ, ತೆಗೀರಿ ನೋಡೂಣು" ಎಂದಳು. ಶಂಕ್ರಪ್ಪ ಎರಡು ವರ್ಷದಲ್ಲಿ ಮೊದಲ ಸಲ ಬೆವರಿದ.