ಬಿಡ್ತು ಅನ್ನಿಸಿದ್ದು

ನಮ್ಮ ಫ್ಲಾಟು ಇಂಗ್ಲೆಂಡಿನ ಫೆಲ್ಥಮ್‌ನಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋದ ವರ್ಷ ಮೆಟ್ಟಿಲಿನ ತಿರುವಿನಲ್ಲಿ ಪೈಪು ಸೋರಲು ಶುರುವಾಯಿತು. ಕಟ್ಟಡ ನೋಡಿಕೊಳ್ಳುವ ಕಂಪನಿಯವರಂತೂ ಈ ಕಡೆ ತಲೆ ಹಾಕಿದವರೇ ಅಲ್ಲ.

ನನ್ನ ಹೆಂಡತಿಗೆ ಏರ್‌ಪೋರ್ಟಿನ ಹತ್ತಿರ ವಿಮಾನದ ಊಟದ ಟ್ರೇ ಜೋಡಿಸುವ ಕೆಲಸ, ದಿನವಿಡೀ ನಿಂತೇ ಮಾಡುವಂಥದ್ದು. ಒಂದು ಸಂಜೆ ಬಂದವಳೇ ಕಂಪನಿಗೆ ಈಮೇಲ್ ಬರೆದು, ಕಳಿಸುವ ಮುಂಚೆ ನನಗೆ ಓದಿ ಹೇಳಿದಳು. ಮೆಟ್ಟಿಲ ಮೇಲೆ ನೀರು ನಿಲ್ಲುತ್ತಿದೆ, ಹೀಗೇ ಬಿಟ್ಟರೆ ಯಾರಾದರೂ ಜಾರಿ ಬಿದ್ದು ಸಾಯುತ್ತಾರೆ ಎಂದಿತ್ತು.

ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ರೇಗಿಹೋಯಿತು. "ಥೂ, ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತೇ ಇದು! ಮೊದ್ಲು ಬಿಡ್ತು ಅನ್ನು."

ನಮ್ಮ ಮನೆಗಳಲ್ಲಿ ಹಾಗೇ. ಬಾಯಿಗೆ ಅಶುಭ ಬಂದರೆ ಬಿಡ್ತು ಅನ್ನಬೇಕು, ಆಗ ಆಡಿದ ಮಾತು ಆಡದ ಹಾಗೆ. ಅಮ್ಮ ನಮ್ಮೆಲ್ಲರ ಬಾಯಲ್ಲೂ ಅನ್ನಿಸುತ್ತಿದ್ದಳು.

ಅವಳು "ಬಿಡ್ತು" ಅಂದಳು. ಬರೆದದ್ದನ್ನೂ ಅಳಿಸು ಎಂದೆ, ಅಳಿಸಿದಳು. "ಹೋಗ್ಲಿ, ನೀವೇ ಒಳ್ಳೇ ಮಾತಲ್ಲಿ ಒಂದು ಬರೀರಿ" ಅಂದಳು. ಬರೀತೀನಿ ಎಂದೆ. ಬರೆಯಲಿಲ್ಲ.

ಹದಿನೈದು ದಿನಕ್ಕೆ ಅವಳೇ ಬಿದ್ದಳು. ಬೆಳಗಿನ ಶಿಫ್ಟಿಗೆ ಹೋಗುವಾಗ, ಅದೇ ತಿರುವಿನಲ್ಲಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ವಾಕರ್ ಬಂತು, ಕೆಲಸ ಹೋಯಿತು. "ನಂಗಿನ್ನೇನೂ ಬೇಡ. ತಪ್ಪಾಯ್ತು ಅಂತ ಆ ಕಂಪನಿಯೋರು ಒಂದು ಮಾತು ಒಪ್ಕೊಳ್ಲಿ, ಸಾಕು" ಎಂದು ಹಟ ಹಿಡಿದಳು.

ಮಗಳು ಅಮೆರಿಕದಲ್ಲಿ ಕಾನೂನು ಓದುತ್ತಿದ್ದಾಳೆ. ಫೋನಿನಲ್ಲಿ ಅಂದಳು: "ಇಲ್ಲೂ ಅಲ್ಲೂ ಮೇನ್ ಕ್ವೆಶ್ಚನ್ ಒಂದೇ ಅಪ್ಪಾ. ಹೀಗಾಗತ್ತೆ ಅಂತ ಅವ್ರು ಮೊದ್ಲೇ ಊಹಿಸ್ಬಹುದಿತ್ತಾ? ಯಾರಾದ್ರೂ ಅವ್ರಿಗೆ ಹೇಳಿದ್ರಾ?" ನನಗೆ ಮೈಯೆಲ್ಲ ಉರಿಯಿತು. ಮೆಟ್ಟಿಲ ಮೇಲೆ ನೀರು ನಿಂತರೆ ಜನ ಬೀಳುತ್ತಾರೆ ಎಂದು ಊಹಿಸಲು ಜ್ಯೋತಿಷಿ ಬೇಕೇ?

ಬೇಕಂತೆ. ಪೈಪು ಸೋರುವುದನ್ನು ಯಾರೂ ತಿಳಿಸಿರಲಿಲ್ಲ, ಆದ್ದರಿಂದ ಅಪಘಾತವನ್ನು ಮುಂಗಾಣಲು ಸಾಧ್ಯವಿರಲಿಲ್ಲ, ಹೊಣೆ ನಮ್ಮದಲ್ಲ ಎಂದು ಕಂಪನಿಯ ಪತ್ರ ಬಂತು. ಕೇಸಿಗೆಂದು ನಾವು ಹಿಡಿದಿದ್ದ ಸಾಲಿಸಿಟರ್, ಅಂದರೆ ವಕೀಲರು, ಒಬ್ಬ ಇಂಗ್ಲಿಷ್ ಹೆಂಗಸು, ಫೋನ್ ಮಾಡಿ ಕೇಳಿದರು: ಬೀಳುವ ಮುಂಚೆ ಕಂಪನಿಗೆ ಏನಾದರೂ ಬರೆದಿದ್ದಿರಾ?

"ಬರೆದಿದ್ದೆ, ಅಳಿಸಿದೆ" ಎಂದಳು ಇವಳು. ಯಾಕೆ ಎಂದು ಅವರು ಕೇಳಿದಾಗ ನನ್ನ ಮುಖ ನೋಡಿದಳು. ನಾನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಬಿಡ್ತು ಅನ್ನುವುದು ಏನೆಂದು ವಿವರಿಸಬೇಕಾಯಿತು. ಹಾಗಾದರೆ ಎಚ್ಚರಿಕೆ ಹೊರಡುವ ಮೊದಲೇ ನೀವೇ ಅದನ್ನು ವಾಪಸ್ ತೆಗೆದುಕೊಂಡ ಹಾಗಾಯಿತು, ಕೇಸು ನಿಲ್ಲುವುದು ಕಷ್ಟ ಎಂದರು ಅವರು.

ಫೋನ್ ಇಟ್ಟ ಮೇಲೆ ಕಂಪನಿಯವರಿಗೆ ಬಾಯಿಗೆ ಬಂದಂತೆ ಬೈದೆ. ಕಣ್ಣಿರಲಿಲ್ಲವೇ ಇವರಿಗೆ, ಒಂದು ದಿನ ಬಂದು ನೋಡಬಾರದಿತ್ತೇ, ಮನುಷ್ಯರೇ ಇವರು! ಅವಳು ವಾಕರ್ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡಳು.

"ಅವ್ರಿಗೆ ಗೊತ್ತಿರ್ಲಿಲ್ವಂತೆ, ಸರಿ. ನಿಮ್ಗೆ ಗೊತ್ತಿತ್ತಲ್ರೀ?"

ಅವಳು ಕಂಪನಿಯಿಂದ ಬಯಸಿದ್ದ ಆ ಒಂದು ಮಾತು ನನ್ನ ಬಾಯಿಗೂ ಬರಲಿಲ್ಲ. ಕಾಫಿ ಮಾಡ್ತೀನಿ ಎಂದು ಅಡುಗೆಮನೆಗೆ ಹೋದೆ.